ತೂಕದ ಗಾಡಿ

ಗುರುವಾರ ಬೆಳಿಗ್ಗೆ ಹತ್ತು ಗಂಟೆ ನಲವತ್ತೊಂದು ನಿಮಿಷಕ್ಕೆ ತಕ್ಕಡಿಯು ಶ್ರುತಾ ಕಾಂತಾವರ ಎಂಬ ಹದಿನೆಂಟು ವರ್ಷದ ಹುಡುಗಿಗೆ ಸಾವಿರಕ್ಕೆ ಆರುನೂರ ಮೂವತ್ತೆಂಟು ಅಂಕ ಕೊಟ್ಟಿತು.

ಗೋಡೆಯ ಫಲಕದಲ್ಲಿ ಅಂಕದ ಕೆಳಗೆ ಒಂದು ಸಾಲು ಮೂಡಿತು: 'ಎಡ ಮೊಣಕಾಲು. ಇಪ್ಪತ್ತಮೂರರ ವಯಸ್ಸಿನೊಳಗೆ ಸೋಲುವ ಸಾಧ್ಯತೆ ನೂರಕ್ಕೆ ಎಪ್ಪತ್ತೊಂದು.' ಗ್ಯಾಲರಿಯಲ್ಲಿ ಕೂತಿದ್ದ ಎಂಟು ತಂಡಗಳ ಪ್ರತಿನಿಧಿಗಳು ತಲೆ ತಗ್ಗಿಸಿ ಬರೆದುಕೊಂಡರು. ಹಿಂದಿನ ದಿನ ಅದೇ ಐಸಿನ ಮೇಲೆ ಅದೇ ಓಟ ಓಡಿದ್ದ ಕೊಡಗಿನ ದೇಚಮ್ಮನಿಗೆ ಎಂಟುನೂರ ತೊಂಬತ್ತು ಬಂದಿತ್ತು. ಮಹಿಳೆಯರ ಐಸ್ ಹಾಕಿ ಲೀಗಿನ ಆಯ್ಕೆಗೆ ಉಳಿದಿದ್ದು ಎರಡೇ ದಿನ. ಶನಿವಾರ ಹನ್ನೊಂದಕ್ಕೆ ತಂಡಗಳು ಸರದಿಯ ಮೇಲೆ ಹೆಸರು ಕೂಗಬೇಕು. ದೇಚಮ್ಮ ಮೊದಲೋ ಶ್ರುತಾ ಮೊದಲೋ ಎಂದು ಪತ್ರಿಕೆಗಳು ಆರು ತಿಂಗಳಿಂದ ಗೋಲು ಎಣಿಸಿ, ಎತ್ತರ ಅಳೆದು, ವೇಗ ಹೋಲಿಸಿ ಬರೆಯುತ್ತಿದ್ದವು. ಆ ಚರ್ಚೆ ಆ ನಿಮಿಷಕ್ಕೆ ಮುಗಿದುಹೋಯಿತು. ಮೊಣಕಾಲು ಸೋಲುವ ಹುಡುಗಿಯ ಹೆಸರನ್ನು ಯಾವ ತಂಡವೂ ಕೂಗುವುದಿಲ್ಲ.

ಐಸ್ ತೊಳೆಯುವ ಯಂತ್ರದ ಸೀಟಿನ ಮೇಲೆ ಕೂತು ನೀಲಗಂಗಾ ಆ ಸಾಲನ್ನು ಎರಡು ಸಲ ಓದಿದಳು. ಆ ಹಾಲ್‌ನ ಐಸ್ ನೋಡಿಕೊಳ್ಳುವುದು ಅವಳ ಕೆಲಸ. ಹನ್ನೊಂದು ವರ್ಷದ ಹಿಂದೆ, ಅದೂ ಗುರುವಾರವೇ, ಅದೇ ಫಲಕದಲ್ಲಿ ಅದೇ ಸಾಲು ಅವಳ ಹೆಸರಿನ ಕೆಳಗೆ ಮೂಡಿತ್ತು. ಅವಳದ್ದು ನೂರಕ್ಕೆ ಅರವತ್ತೊಂಬತ್ತು. ಅಷ್ಟೇ ವ್ಯತ್ಯಾಸ.

ಬ್ಯಾಡಗಿಯಲ್ಲಿ ಐಸ್ ಹಾಕಿ ಎಂದರೆ ಹೊರಗಿನವರು ಈಗಲೂ ನಗುತ್ತಾರೆ. ಕಾರಣ ಸರಳ. ಮೆಣಸಿನಕಾಯಿ ಇಡಲು ಊರ ಸುತ್ತ ಕಟ್ಟಿದ ಕೋಲ್ಡ್ ಸ್ಟೋರೇಜುಗಳಲ್ಲಿ ತಣ್ಣಗೆ ಮಾಡುವ ಯಂತ್ರವೂ ಇತ್ತು, ಅದನ್ನು ನಡೆಸಬಲ್ಲ ಕೈಗಳೂ ಇದ್ದವು. ಲೀಗು ಶುರುವಾದಾಗ ಒಂದು ಸ್ಟೋರೇಜಿನ ನಾಲ್ಕನೇ ಹಾಲನ್ನು ಪರೀಕ್ಷೆಯ ಅಂಗಳ ಮಾಡಿದರು. ಮೂರನೇ ಹಾಲಿನಲ್ಲಿ ಮೆಣಸಿನಕಾಯಿ ಚೀಲಗಳು ಮೊದಲಿನಂತೆಯೇ ಉಳಿದವು. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಗಾಳಿಕಿಂಡಿ, ಕಿಂಡಿಗೆ ತಗಡಿನ ಬಾಗಿಲು.

ತಕ್ಕಡಿ ಎಂಬುದು ಊರವರು ಇಟ್ಟ ಹೆಸರು. ಐಸಿನ ಅಡಿಯಲ್ಲಿ ಕೂದಲೆಳೆಯಂಥ ಸಾವಿರಾರು ತಂತುಗಳಿದ್ದವು. ಸ್ಕೇಟಿನ ಅಲಗು ಎಲ್ಲಿ ಎಷ್ಟು ಒತ್ತಿತು, ಯಾವ ಕಾಲು ಎಷ್ಟು ತಳ್ಳಿತು ಎಂಬುದನ್ನು ಅವು ಹೇಳುತ್ತಿದ್ದವು. ಅದರ ಜೊತೆಗೆ ಮೂಳೆಯ ಚಿತ್ರ, ನರದ ವೇಗ. ಇಷ್ಟರಿಂದ ಯಂತ್ರವು ಆಟಗಾರ್ತಿಯ ಇಪ್ಪತ್ತೇಳನೇ ವಯಸ್ಸಿನ ಮೈಯನ್ನು ಕಟ್ಟಿ, ಆ ಮೈಯನ್ನು ಹತ್ತು ಸಾವಿರ ಕಲ್ಪಿತ ಸೀಸನ್‌ಗಳಲ್ಲಿ ಆಡಿಸಿ, ಕೊನೆಗೆ ಒಂದು ಅಂಕ ಕೊಡುತ್ತಿತ್ತು. ಇದನ್ನು ಕಟ್ಟಿದವರು ಡಾ. ಪದ್ಮರಾಜ ಕಾಂತಾವರ. ಶ್ರುತಾಳ ತಂದೆ. ಮಗಳ ಅಂಕದ ಹಾಳೆಗೆ ತಾನು ಸಹಿ ಮಾಡುವುದಿಲ್ಲ, ಸಮಿತಿಯೇ ಮಾಡಲಿ ಎಂದು ಅವರು ಮೊದಲೇ ಬರೆದುಕೊಟ್ಟಿದ್ದರು. ಪ್ರಾಮಾಣಿಕರು ಎಂದು ಜನ ಹೊಗಳಿದ್ದರು.

ಆದರೆ ಐಸು ಎಲ್ಲ ದಿನ ಒಂದೇ ಥರ ಇರುವುದಿಲ್ಲ. ಅದಕ್ಕಾಗಿ ತೂಕದ ಗಾಡಿ ಇತ್ತು: ಅರವತ್ತು ಕಿಲೋ ಕಬ್ಬಿಣ ಹೊತ್ತ, ಚಕ್ರವಿಲ್ಲದ ಒಂದು ಜಾರುಗಾಡಿ. ಪರೀಕ್ಷೆಯ ದಿನ ಬೆಳಿಗ್ಗೆ ಅದನ್ನು ಹಗ್ಗ ಕಟ್ಟಿ ಅಂಗಳದ ಮೂರು ಸಾಲಿನಲ್ಲಿ ಎಳೆಯಬೇಕು. ಎಳೆಯಲು ಎಷ್ಟು ಬಲ ಬೇಕಾಯಿತು ಎಂಬುದೇ ಆ ದಿನದ ಐಸಿನ ಹಿಡಿತ. ಆ ಅಂಕಿಯನ್ನು ಯಂತ್ರಕ್ಕೆ ತಿಳಿಸಿದರೆ ಅದು ಐಸಿನ ದೋಷವನ್ನು ಕಾಲಿನ ದೋಷ ಎಂದುಕೊಳ್ಳುವುದಿಲ್ಲ. ಕೆಲಸ ನಲವತ್ತು ನಿಮಿಷದ್ದು. ಮುಗಿದ ಮೇಲೆ ಪುಸ್ತಕದಲ್ಲಿ ಅಂಕಿ ಬರೆದು ಡಾಕ್ಟರು ಸಹಿ ಮಾಡಬೇಕು.

ನೀಲಗಂಗಾಳ ಪರೀಕ್ಷೆಯ ದಿನ ಗಾಡಿ ಓಡಿರಲಿಲ್ಲ. ಓಡಿದ್ದರೆ ಹೊಸ ಐಸಿನ ಮೇಲೆ ಜೋಡಿ ಗೆರೆ ಬೀಳುತ್ತದೆ. ಆ ದಿನ ಅವಳು ಇಳಿದಾಗ ಐಸು ಕನ್ನಡಿಯಂತಿತ್ತು. ಎರಡನೇ ಸುತ್ತಿಗೇ ಎಡಗಾಲು ಹಿಡಿದಂತಾಯಿತು. ಹತ್ತಿರ ನಿಂತಿದ್ದ ಡಾಕ್ಟರಿಗೆ, "ಸರ್, ಗೋಡಿ ಕಡೆ ಐಸ್ ಹಿಡಿಯಾಕತ್ತೈತ್ರಿ" ಎಂದಳು. ಡಾಕ್ಟರು ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತ, "ಐಸಿಗೆ ಎಂತ ಆಗುವುದಿಲ್ಲ. ನಿನ್ನ ಕಾಲಿನದ್ದಿರಬೇಕು" ಎಂದರು. ಅವತ್ತು ಅವರಿಗೆ ವಿಪರೀತ ಸೀನು. ನೆಗಡಿ ಎಂದು ಮಾತ್ರೆ ನುಂಗಿದ್ದರು.

ಅದು ನೆಗಡಿಯಲ್ಲ ಎಂದು ಮೊದಲು ಹೇಳಿದ್ದು ನೀಲಗಂಗಾಳ ತಾಯಿ ಹಾಲವ್ವ. ಹಾಲವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಮಗಳ ಬಿಳಿ ಕಾಲುಚೀಲ ಒಗೆಯುವಾಗ ನೀರು ಕೆಂಪಾಗಿದ್ದನ್ನು ಕಂಡು ಮೂಸಿದಳು. "ಇದು ನಮ್ಮೂರ ಕಾಯಿ ಅಲ್ಲ. ನಮ್ಮದಕ್ಕ ಬಣ್ಣ ಜಾಸ್ತಿ, ಘಾಟು ಕಡಿಮಿ. ಇದು ಗುಂಟೂರಿಂದು" ಎಂದಳು. ಸೋಮವಾರ ಮತ್ತು ಗುರುವಾರ ಬ್ಯಾಡಗಿಯಲ್ಲಿ ಮಾರುಕಟ್ಟೆಯ ದಿನ. ಬೆಳಗಿನ ನಾಲ್ಕಕ್ಕೇ ಲಾರಿಗಳು ಬಂದು ಮೂರನೇ ಹಾಲಿನಲ್ಲಿ ಚೀಲ ಇಳಿಸುತ್ತವೆ. ದೂಳು ಎದ್ದು ಕಿಂಡಿಯಿಂದ ಈಚೆ ಬಂದು ಗೋಡೆಯ ಬದಿಯ ಐಸಿನ ಮೇಲೆ ಕೂರುತ್ತದೆ. ಅದರ ಮೇಲೆ ಬಿಸಿನೀರು ಹರಿಸಿ ಐಸ್ ತೊಳೆದರೆ ದೂಳು ಮೇಲ್ಪದರದಲ್ಲೇ ಹೆಪ್ಪುಗಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಪರೀಕ್ಷೆಯ ಓಟ ಗಡಿಯಾರದ ದಿಕ್ಕಿಗೆ. ಗೋಡೆಯ ಮಗ್ಗುಲಿಗೆ ಬರುವುದು ಎಡಗಾಲು. ಹಾಲ್‌ನಲ್ಲಿ ಕೆಲಸ ಮಾಡುವವರೆಲ್ಲ ಊರವರೇ. ಹುಟ್ಟಿದಾಗಿನಿಂದ ಮೆಣಸಿನಕಾಯಿಯ ಗಾಳಿ ಕುಡಿದ ಮೂಗುಗಳು. ಒಬ್ಬರೂ ಸೀನಲಿಲ್ಲ, ಒಬ್ಬರಿಗೂ ಅನುಮಾನ ಬರಲಿಲ್ಲ. ಪರವೂರಿನಿಂದ ಬಂದ, ಸೀನಿದ ಒಬ್ಬನೇ ಮನುಷ್ಯ ಮಾತ್ರೆ ನುಂಗಿ ಸುಮ್ಮನಾದ.

ನೀಲಗಂಗಾ ಸಮಿತಿಗೆ ನಾಲ್ಕು ಪುಟದ ಅರ್ಜಿ ಬರೆದಳು. ಎರಡು ಸಾಲಿನ ಉತ್ತರ ಬಂತು: 'ಅಂದಿನ ತೂಕದ ಗಾಡಿ ಓಡಿದೆ, ಪುಸ್ತಕದಲ್ಲಿ ಸಹಿ ಇದೆ. ಮರುಪರೀಕ್ಷೆಗೆ ಅವಕಾಶವಿಲ್ಲ.' ಆ ವರ್ಷ ಮೊದಲ ಸರದಿಗೆ ಹೋಗಬೇಕಾದವಳೆಂದು ಪತ್ರಿಕೆಗಳು ಬರೆದಿದ್ದ ಹುಡುಗಿಯ ಹೆಸರನ್ನು ಯಾವ ತಂಡವೂ ಕೂಗಲಿಲ್ಲ.

ಐದು ವರ್ಷ ಅವಳು ಸ್ಟೋರೇಜಿನಲ್ಲಿ ಚೀಲ ತೂಗಿದಳು. ಆ ಐದು ವರ್ಷದ ಅಂಕಪಟ್ಟಿಗಳನ್ನೆಲ್ಲ ಕೂಡಿಹಾಕಿ ಕುಳಿತು ಓದಿದಳು. ಎಡ ಮೊಣಕಾಲಿನ ದೋಷ ಬಂದವರು ತನ್ನನ್ನೂ ಸೇರಿಸಿ ಮೂವತ್ತನಾಲ್ಕು ಜನ. ಅವರಲ್ಲಿ ಮೂವತ್ತೊಂದು ಜನ ಪರೀಕ್ಷೆ ಕೊಟ್ಟಿದ್ದು ಸೋಮವಾರ ಇಲ್ಲವೇ ಗುರುವಾರ. ಆರನೇ ವರ್ಷ ಐಸ್ ನೋಡಿಕೊಳ್ಳುವ ಜಾಗ ಖಾಲಿಯಾಯಿತು. ಅವಳು ಸೇರಿಕೊಂಡಳು. ಡಾಕ್ಟರಿಗೆ ಅವಳ ಗುರುತು ಹತ್ತಲಿಲ್ಲ.

ಸೇರಿದ ದಿನ ಅವಳು ಎರಡು ಕೆಲಸ ಮಾಡಿದಳು. ಮೂಲೆಯಲ್ಲಿದ್ದ ತೂಕದ ಗಾಡಿಯ ಕ್ಯಾನ್ವಾಸ್ ಹೊದಿಕೆಯ ಬಾಯನ್ನು ಚೀಲ ಹೊಲಿಯುವ ದಾರದಿಂದ ಹೊಲಿದಳು. ಮಾರುಕಟ್ಟೆಯ ದಿನ ಬೆಳಗಿನ ನಾಲ್ಕಕ್ಕೆ ಮೊದಲು ಬಂದು ಕಿಂಡಿಯ ಬಾಗಿಲು ಮುಚ್ಚಲು ಶುರು ಮಾಡಿದಳು. ಮುಚ್ಚಬೇಕೆಂದು ಅವಳ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಆರು ವರ್ಷ ಯಾರಿಗೂ ಎಡ ಮೊಣಕಾಲಿನ ದೋಷ ಬರಲಿಲ್ಲ. ಹೊಲಿಗೆಯನ್ನೂ ಯಾರೂ ಬಿಚ್ಚಲಿಲ್ಲ. ಪುಸ್ತಕದಲ್ಲಿ ಮಾತ್ರ ಗಾಡಿ ಇನ್ನೂರ ಮೂವತ್ತೇಳು ಸಲ ಓಡಿತ್ತು.

ಆಗ ಶ್ರುತಾಗೆ ಹನ್ನೆರಡು ವರ್ಷ. ಅಪ್ಪನ ಜೊತೆ ಬಂದು ಐಸಿನ ಮೇಲೆ ಬೀಳುತ್ತ ಏಳುತ್ತ ಇದ್ದಳು. ಅವಳ ಸ್ಕೇಟಿನ ಅಲಗು ಹರಿತ ಮಾಡಿಕೊಡುತ್ತಿದ್ದವಳು ನೀಲಗಂಗಾ. "ನೀಲಕ್ಕ, ಈ ಸಲ ಸ್ವಲ್ಪ ಕಡಿಮೆ ಉಜ್ಜಿ, ತಿರುಗುವಾಗ ಜಾಸ್ತಿ ಕಚ್ಚುತ್ತೆ" ಎಂದು ಹುಡುಗಿ ಹೇಳುವಳು. ಉಜ್ಜುತ್ತ ನೀಲಗಂಗಾ ಮನಸ್ಸಿನಲ್ಲಿ ವರ್ಷ ಎಣಿಸುವಳು. ಇನ್ನು ಐದು. ಇನ್ನು ನಾಲ್ಕು.

ಈ ಗುರುವಾರ ಅವಳು ಕಿಂಡಿ ಮುಚ್ಚಲಿಲ್ಲ.

ಬೆಳಿಗ್ಗೆ ಗಾಡಿಯನ್ನು ಎಳೆದು ಡಾಕ್ಟರ ಕಣ್ಣಿಗೆ ಬೀಳುವಂತೆ ಅಂಗಳದ ಬಾಗಿಲಲ್ಲಿ ಇಟ್ಟಿದ್ದಳು. ಹಗ್ಗವನ್ನು ಸುರುಳಿ ಸುತ್ತಿ ಪಕ್ಕದಲ್ಲಿಟ್ಟಿದ್ದಳು. ಅವರು ಅದನ್ನು ದಾಟಿಕೊಂಡು ಹೋದರು. ಕಂಟ್ರೋಲ್ ರೂಮಿನ ಗಾಜಿನಾಚೆ ಅವರು ಕೂತು, ನಿನ್ನೆಯ ಅಂಕಿಯನ್ನೇ ಇಂದಿಗೂ ಉಳಿಸುವ ಗುಂಡಿ ಒತ್ತಿ, ಪುಸ್ತಕ ತೆರೆದು ಸಹಿ ಮಾಡಿದ್ದನ್ನು ಅವಳು ಯಂತ್ರದ ಸೀಟಿನಿಂದಲೇ ನೋಡಿದಳು. ಸಹಿಯ ನಡುವೆ ಒಂದು ಸಲ ಸೀನಿದರು. ಆಮೇಲೆ ಸೀನು ನಿಲ್ಲಲಿಲ್ಲ. ಮೇಜಿನ ಖಾನೆಯಿಂದ ಮಾತ್ರೆ ತೆಗೆದು ನುಂಗಿದರು.

ಹತ್ತು ಗಂಟೆ ಹತ್ತು ನಿಮಿಷಕ್ಕೆ ಶ್ರುತಾ ಅಂಗಳದ ಅಂಚಿಗೆ ಬಂದು ನಿಂತಳು. ಮುಖ ಕೆಂಪಾಗಿತ್ತು.

"ನೀಲಕ್ಕ, ಎಡಗಡೆ ಐಸ್ ಯಾಕೋ ಹಿಡೀತಾ ಇದೆ. ನೋಡ್ತೀರಾ ಒಂದ್ಸಲ?"

ನೀಲಗಂಗಾ ಕೆಳಗೆ ಇಳಿಯಲಿಲ್ಲ.

"ಐಸಿಗೆ ಏನೂ ಆಗೂದಿಲ್ಲವಾ. ನಿನ್ನ ಕಾಲಿಂದಿರಬೇಕು."

ಹುಡುಗಿ ತನ್ನ ಎಡಗಾಲನ್ನು ಒಮ್ಮೆ ನೋಡಿಕೊಂಡು, ಹೌದೇನೋ ಎಂಬಂತೆ ತಲೆಯಾಡಿಸಿ ವಾಪಸು ಹೋದಳು.

ಪರೀಕ್ಷೆ ಮುಗಿದ ಮೇಲೆ ನೀಲಗಂಗಾ ಗೋಡೆಯ ಬದಿಯ ಐಸಿನ ಮೇಲ್ಪದರ ಕೆರೆದು, ಕೆರೆದದ್ದನ್ನು ಗಾಜಿನ ಬಾಟಲಿಯಲ್ಲಿ ತುಂಬಿ, ಮೇಲೆ ದಿನಾಂಕ ಬರೆದು ಅಂಟಿಸಿದಳು. ಕರಗಿದ ಮೇಲೆ ಬಾಟಲಿಯ ನೀರು ಕೆಂಪಗಿತ್ತು.

ಮಧ್ಯಾಹ್ನ ಊಟಕ್ಕೆ ಹೋದಾಗ ಹಾಲವ್ವ ಪಡಸಾಲೆಯಲ್ಲಿ ಕಾಯಿಯ ರಾಶಿಯ ಮುಂದೆ ಕೂತಿದ್ದಳು. ಎಡಗೈಯಲ್ಲಿ ಕಾಯಿ ಹಿಡಿದು ಬಲಗೈ ಹೆಬ್ಬೆರಳಿನಿಂದ ತೊಟ್ಟು ಮುರಿಯುವುದು. ಮಾತಾಡುತ್ತಿದ್ದರೂ ಕೈ ನಿಲ್ಲುವುದಿಲ್ಲ.

"ಏನವಾ, ಇವತ್ತ ಮುಖದಾಗ ಕಳೆ ಐತಿ? ಯಾರ ಮದುವಿ?"

"ಆ ಹುಡುಗಿಗೆ ಆರುನೂರಾ ಮೂವತ್ತೆಂಟು ಬಂತು."

ಹಾಲವ್ವನ ಕೈ ನಿಂತಿತು. "ಕಿಂಡಿ ಮುಚ್ಚಿದ್ದಿಲ್ಲೇನು?"

"ಇಲ್ಲ."

"ಸಾಹೇಬ್ರು ಸೀನಿದ್ರೇನು?"

"ಹದಿನಾಲ್ಕು ಸಲ."

"ಅದನ್ನೂ ಎಣಿಸೀಯಾ? ಎಣಿಸಾಕ ಬ್ಯಾರೆ ಏನೂ ಸಿಗಲಿಲ್ಲೇನ ನಿನಗ?" ಹಾಲವ್ವ ಒಂದು ಕಾಯಿ ಎತ್ತಿಕೊಂಡಳು, ಮುರಿಯಲಿಲ್ಲ. "ನಿನ್ನ ಸಿಟ್ಟು ಅಪ್ಪನ ಮ್ಯಾಲೆ. ಆ ಕೂಸು ನಿನಗ ಏನ ಮಾಡಿತ್ತು?"

"ನಾ ಏನ ಮಾಡಿದ್ನೆವ್ವಾ ಅವತ್ತು?"

"ಏನೂ ಮಾಡಿದ್ದಿಲ್ಲ. ಅದಕ್ಕ ಕೇಳಾಕತ್ತೇನಿ."

ನೀಲಗಂಗಾ ಕೈ ತೊಳೆದು ರೊಟ್ಟಿ ಮುರಿದಳು. ಹಸಿವಿತ್ತು. ಎರಡು ರೊಟ್ಟಿ ತಿಂದು ಮೂರನೆಯದನ್ನೂ ಹಾಕಿಸಿಕೊಂಡಳು.

ಮೂರು ಗಂಟೆಗೆ ಡಾಕ್ಟರು ಐಸ್ ಯಂತ್ರದ ಶೆಡ್ಡಿಗೆ ಬಂದರು. ಆರು ವರ್ಷದಲ್ಲಿ ಅವರು ಅಲ್ಲಿಗೆ ಬಂದಿದ್ದು ಅದೇ ಮೊದಲು. ಮೂಗು ಇನ್ನೂ ಕೆಂಪಗಿತ್ತು.

"ಗೋಡೆ ಬದಿಯ ಐಸಿಗೆ ಎಂತ ಆಗಿದೆ?"

"ಏನಾಗೈತ್ರಿ ಸರ್? ಮೈನಸ್ ಐದೂವರಿ. ಬೆಳಿಗ್ಗಿಂದ ನಾಲ್ಕು ಸಲ ನೋಡಿ ಬರದೇನಿ."

"ನಾನು ಥರ್ಮಾಮೀಟರಿನ ಕತೆ ಕೇಳಿದ್ದಲ್ಲ. ಹಿಡಿತ ಕೇಳಿದ್ದು. ಅವಳ ಮೊಣಕಾಲಿನ ಮೂಳೆಚಿತ್ರ ನಾನು ನೋಡಿದ್ದೇನೆ. ಒಂದು ಗೆರೆ ಇಲ್ಲ. ನರ ಸರಿ ಇದೆ. ತಪ್ಪು ಐಸಿನದ್ದು."

"ಹಂಗಾರ ಗಾಡಿ ಓಡಿಸಿದಾಗ ಗೊತ್ತಾಗಬೇಕಿತ್ತಲ್ರಿ." ಅವಳು ಕೈ ಒರೆಸಿಕೊಂಡಳು. "ಓಡಿಸೀರಲ್ರಿ? ಪುಸ್ತಕದಾಗ ಸಹಿ ಐತಿ."

ಡಾಕ್ಟರು ಅವಳನ್ನು ಮೊದಲ ಬಾರಿಗೆ ನೋಡುವಂತೆ ನೋಡಿದರು.

"ನಿಮ್ಮ ಪೂರ್ತಿ ಹೆಸರು ಎಂತದು?"

"ನೀಲಗಂಗಾ ಮುದೇನೂರ. ಆರುನೂರಾ ಹನ್ನೆರಡು. ಎಡ ಮೊಣಕಾಲು." ಅವಳು ಎಡಗಾಲನ್ನು ಮಡಚಿ ಚಾಚಿ ತೋರಿಸಿದಳು. "ಇಪ್ಪತ್ತಮೂರಕ್ಕ ಹೋಗತೈತಿ ಅಂದಿತ್ತು ನಿಮ್ಮ ಮಷೀನು. ಇಪ್ಪತ್ತೊಂಬತ್ತಾತು. ಇನ್ನೂ ಗಟ್ಟಿ ಐತಿ ನೋಡ್ರಿ."

ಡಾಕ್ಟರು ಹೊರಟುಹೋದರು. ನಾಲ್ಕು ಗಂಟೆಗೆ ತಾಂತ್ರಿಕ ಕಾರಣದಿಂದ ಮಗಳಿಗೆ ಮರುಪರೀಕ್ಷೆ ಬೇಕು ಎಂದು ಸಮಿತಿಗೆ ಬರೆದರು. ಐದೂಕಾಲಿಗೆ ಸಮಿತಿಯವರು ಸೂಚನಾ ಫಲಕದ ಮೇಲೆ ಉತ್ತರ ಅಂಟಿಸಿದರು. 'ಅಂದಿನ ತೂಕದ ಗಾಡಿ ಓಡಿದೆ, ಪುಸ್ತಕದಲ್ಲಿ ಸಹಿ ಇದೆ. ಮರುಪರೀಕ್ಷೆಗೆ ಅವಕಾಶವಿಲ್ಲ.' ನೀಲಗಂಗಾ ಅದನ್ನು ನಿಂತು ಓದಿದಳು. ಹನ್ನೊಂದು ವರ್ಷದಲ್ಲಿ ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ. ಆ ಎರಡು ಸಾಲನ್ನು ಮೊದಲು ಬರೆದುಕೊಟ್ಟವರು ಡಾಕ್ಟರೇ. ಸಮಿತಿಯವರು ಅಂದಿನಿಂದ ಅದನ್ನೇ ನಕಲು ಮಾಡುತ್ತಿದ್ದರು.

ಇನ್ನು ಉಳಿದಿದ್ದು ನಿಯಮಾವಳಿಯ ಹದಿನಾಲ್ಕನೇ ಕಲಂ ಮಾತ್ರ. ಗಾಡಿ ಓಡಿಲ್ಲವೆಂದು ಸಹಿ ಮಾಡಿದವರೇ ಬರೆದುಕೊಡಬೇಕು. ಐಸಿನಲ್ಲಿ ದೋಷವಿತ್ತೆಂಬುದಕ್ಕೆ ವಸ್ತುರೂಪದ ಪುರಾವೆ ಇರಬೇಕು. ಎರಡೂ ಇದ್ದರೆ ಅಂಕ ರದ್ದು. ಜೊತೆಗೆ ಆ ಪುಸ್ತಕದ ಎಲ್ಲ ಸಹಿಗಳೂ ರದ್ದು. ಈ ಕಲಮನ್ನು ಬರೆದವರೂ ಡಾಕ್ಟರೇ. ಯಾರೂ ಬಳಸಲಾರರು ಎಂಬ ಧೈರ್ಯದಿಂದ ಬರೆದಿದ್ದರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವರು ಅಂಗಳದ ಬಾಗಿಲಿಗೆ ಬಂದರು. ತೂಕದ ಗಾಡಿ ನಿನ್ನೆ ಇದ್ದಲ್ಲೇ ಇತ್ತು. ಮೊಣಕಾಲೂರಿ ಹೊದಿಕೆ ಬಿಚ್ಚಲು ಹೋದರು. ಹೊಲಿಗೆ ಕೈಗೆ ತಾಗಿತು. ದಾರ ಬೂದಿ ಬಣ್ಣಕ್ಕೆ ತಿರುಗಿತ್ತು. ಹೊಲಿಗೆಯ ಸಂದಿನಲ್ಲಿ ಜೇಡ ಬಲೆ ಕಟ್ಟಿ ಬಿಟ್ಟುಹೋಗಿತ್ತು.

"ಕತ್ತರಿ ಇದೆಯಾ?"

"ಕತ್ತರಿ ಯಾಕ್ರಿ. ಚೀಲದ ಹೊಲಿಗಿ ಅದು. ಒಂದು ತುದಿ ಹಿಡದು ಜಗ್ಗಿದ್ರ ತಾನ ಬಿಚ್ಚತೈತಿ." ಅವಳು ತೋರಿಸಿದಳು, ಎಳೆಯಲಿಲ್ಲ. "ಬಿಚ್ಚೂಕಿಂತ ಮೊದಲ ಒಂದು ಫೋಟೋ ತಗೋರಿ. ಆಮ್ಯಾಲೆ ಬೇಕಾಗತೈತಿ."

"ಯಾವಾಗ ಹೊಲಿದದ್ದು ಇದು?"

"ನಾ ಕೆಲಸಕ್ಕ ಸೇರಿದ ದಿನ."

ಅವರು ಎದ್ದು ನಿಂತರು. "ನಿನ್ನೆ ಹೊಲಿದದ್ದು ಅಂತ ನಾನು ಹೇಳಿದರೆ?"

"ಹೇಳ್ರಿ. ನನ್ನ ಮಾತು ಯಾರೂ ನಂಬೂದಿಲ್ಲ. ಅದಕ್ಕ ಆರು ವರ್ಷ ಬಾಯಿ ಮುಚ್ಚಿಕೊಂಡು ಕುಂತಿದ್ದೆ. ನಿಮ್ಮ ಮಾತು ನಂಬತಾರ. ನಿಮ್ಮ ಕೈಲೆ ಬರಸಬೇಕಿತ್ತು. ನೀವು ಯಾರ ಸಲುವಾಗಿ ಬರೀತೀರಿ ಅಂತ ನನಗ ಗೊತ್ತಿತ್ತು."

ಡಾಕ್ಟರ ದನಿಯಲ್ಲಿದ್ದ 'ನೀವು' ಬಿದ್ದುಹೋಯಿತು. "ಕಿಂಡಿ ನೀನೇ ಬಿಟ್ಟದ್ದು. ಬೇಕಂತಲೇ ಬಿಟ್ಟದ್ದು. ಒಂದು ಮಗುವಿನ ಬದುಕು ಮಾರಾಯ್ತಿ! ನಿನ್ನ ಕೆಲಸ ತೆಗೆಸುತ್ತೇನೆ."

"ಬರೀರಿ, ಅದನ್ನೂ ಬರೀರಿ. ಕಿಂಡಿ ಬಿಟ್ಟಾಕಿ ನಾನು. ಗಾಡಿ ಓಡಿಸಿದ್ರ ನಲವತ್ತು ನಿಮಿಷದಾಗ ಗೊತ್ತಾಗತಿತ್ತು ಅಂತನೂ ಬರೀರಿ. ನಿನ್ನೆ ಬೆಳಿಗ್ಗೆ ನಿಮ್ಮ ಕಾಲಿಗೆ ತೊಡರೂ ಹಂಗ ಇಟ್ಟಿದ್ದೆ ಸರ್. ದಾಟಿಕೊಂಡು ಹೋದ್ರಿ."

ಅವಳು ಶೆಡ್ಡಿನಿಂದ ಎರಡು ಬಿಳಿ ಹಾಳೆ, ಒಂದು ಪೆನ್ನು, ಆ ಬಾಟಲಿ ತಂದು ಗಾಡಿಯ ಮೇಲೆ ಇಟ್ಟಳು. ಬೆಳಕಿಗೆ ಬಾಟಲಿಯ ನೀರು ತೆಳ್ಳಗಿನ ಸಾರಿನಂತೆ ಕಾಣುತ್ತಿತ್ತು.

"ಇದು ನಿನ್ನೆಯ ಐಸು. ಪುರಾವೆ ಬೇಕಲ್ರಿ, ಇದ ಪುರಾವೆ. ಇದೊಂದ ಐತಿ, ನನ್ನ ಕಡೆ ಐತಿ. ಎರಡು ಹಾಳಿ ಬರದು ಕೊಟ್ರ ಕೊಡತೇನಿ."

"ಎರಡು ಯಾಕೆ?"

"ಒಂದು ನಿನ್ನೆಯ ತಾರೀಕಿಂದು. ಇನ್ನೊಂದು ಹನ್ನೊಂದು ವರ್ಷದ ಹಿಂದಿಂದು. ಅದು ಹಳೇ ಪುಸ್ತಕದಾಗ ಐತಿ, ತಾನಾಗಿ ರದ್ದಾಗೂದಿಲ್ಲ. ಹಳೇದು ಮೊದಲ ಬರೀರಿ."

ಬಹಳ ಹೊತ್ತು ಅವರು ಪೆನ್ನು ಮುಟ್ಟಲಿಲ್ಲ. ತಕ್ಕಡಿ ಅವರ ಇಪ್ಪತ್ತು ವರ್ಷದ ಕೆಲಸ. ಒಂದು ಸಲ ಸುಳ್ಳು ಸಹಿ ಎಂದು ಒಪ್ಪಿದರೆ ಎಲ್ಲ ಸಹಿಯೂ ಸುಳ್ಳೇ. ಅದು ಅವರಿಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅವಳು ಆತುರಪಡಲಿಲ್ಲ. ಆಯ್ಕೆಗೆ ಇನ್ನು ಇಪ್ಪತ್ತೆಂಟು ಗಂಟೆ ಇತ್ತು, ಆತುರ ಅವಳದ್ದಾಗಿರಲಿಲ್ಲ.

ಕೊನೆಗೆ ಕೂತರು. ಹಳೆಯ ತಾರೀಕನ್ನು ಅವಳೇ ಹೇಳಿದಳು, ಅವರು ಬರೆದರು. ಎರಡನೇ ಹಾಳೆಯ ಮೇಲೆ ಸಹಿ ಮಾಡುವಾಗ ಸೀನು ಬಂದು ಶಾಯಿ ಚೆದುರಿತು.

"ಇದು ನೆಗಡಿ ಅಲ್ರಿ ಸರ್" ಎಂದಳು ನೀಲಗಂಗಾ. "ನಿಮ್ಮ ಮೂಗಿಗೆ ಹನ್ನೊಂದು ವರ್ಷದ ಹಿಂದೇ ಗೊತ್ತಾಗಿತ್ತು. ನೀವು ಕೇಳಲಿಲ್ಲ."

ಅವರು ಬಾಟಲಿ ಎತ್ತಿಕೊಂಡು ಹೋದರು. ಅವರ ನಡಿಗೆ ಬದಲಾಗಿತ್ತು. ಅವಳು ಅದನ್ನು ಬಾಗಿಲು ದಾಟುವವರೆಗೆ ನೋಡಿದಳು. ಕಣ್ಣು ಕೀಳಲು ಮನಸ್ಸಾಗಲಿಲ್ಲ.

ಸಮಿತಿ ಹತ್ತು ಗಂಟೆಗೆ ಸೇರಿತು. ಹನ್ನೆರಡಕ್ಕೆ ಆ ಪುಸ್ತಕದ ಇನ್ನೂರ ಮೂವತ್ತೆಂಟು ಸಹಿಗಳು ರದ್ದಾದವು. ದೇಚಮ್ಮನ ಬುಧವಾರದ ಅಂಕವೂ ಅದರೊಂದಿಗೆ ಹೋಯಿತು. ಮಧ್ಯಾಹ್ನ ಮೂರಕ್ಕೆ, ಎಂಟು ತಂಡಗಳ ಪ್ರತಿನಿಧಿಗಳ ಎದುರು, ತೂಕದ ಗಾಡಿಯನ್ನು ಮೂರು ಸಾಲಿನಲ್ಲಿ ಎಳೆದರು. ಹೊಸ ಐಸಿನ ಮೇಲೆ ಜೋಡಿ ಗೆರೆ ಬಿದ್ದವು. ದೇಚಮ್ಮನಿಗೆ ಎಂಟುನೂರ ಎಂಬತ್ತಾರು ಬಂತು. ಶ್ರುತಾಗೆ ಎಂಟುನೂರ ಎಂಬತ್ತನಾಲ್ಕು. ಅವಳ ಎಡ ಮೊಣಕಾಲಿನ ಬಗ್ಗೆ ಫಲಕದಲ್ಲಿ ಏನೂ ಮೂಡಲಿಲ್ಲ.

ಐದು ಗಂಟೆಗೆ ಶ್ರುತಾ ಶೆಡ್ಡಿಗೆ ಬಂದಳು. ಮೊಳೆಗೆ ತೂಗುಹಾಕಿದ್ದ ಅವಳ ಎರಡನೇ ಜೋಡಿ ಸ್ಕೇಟನ್ನು ನೀಲಗಂಗಾ ಆಗಲೇ ಹರಿತ ಮಾಡಿಟ್ಟಿದ್ದಳು, ತಿರುಗುವಾಗ ಜಾಸ್ತಿ ಕಚ್ಚದ ಹಾಗೆ.

"ನಾನು ಎಡಗಡೆ ಹಿಡೀತಿದೆ ಅಂದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನನ್ನ ಕಾಲು ಅಂದ್ರಿ."

"ಅಂದೆ. ಆ ಮಾತು ನಂದಲ್ಲ. ನಿಮ್ಮಪ್ಪ ನನಗ ಅಂದಿದ್ದು. ಹನ್ನೊಂದು ವರ್ಷ ಹಂಗ ಇಟಗೊಂಡಿದ್ದೆ."

"ಹಾಗಾದ್ರೆ ಅದನ್ನ ಅಪ್ಪಂಗೆ ವಾಪಸ್ ಕೊಡಬೇಕಿತ್ತು." ಹುಡುಗಿ ಅಳುತ್ತಿರಲಿಲ್ಲ. "ನಿನ್ನೆ ರಾತ್ರಿಯೆಲ್ಲ ನನ್ನ ಕಾಲು ಹಿಡ್ಕೊಂಡು ಕೂತಿದ್ದೆ ನೀಲಕ್ಕ. ನೋವಿದೆ ಅಂತಲೇ ಅನ್ನಿಸ್ತಿತ್ತು. ನಿಜವಾಗ್ಲೂ ನೋವಿತ್ತು."

ನೀಲಗಂಗಾಗೆ ಆ ನೋವು ಗೊತ್ತಿತ್ತು. ಅವಳಿಗೆ ಅದು ಎರಡು ವರ್ಷ ಇತ್ತು. ಡಾಕ್ಟರಿಗೆ ಹೇಳಬೇಕಾದ ಮಾತುಗಳನ್ನು ಹನ್ನೊಂದು ವರ್ಷ ಸಾಲಾಗಿ ಜೋಡಿಸಿಕೊಂಡಿದ್ದಳು. ಈ ಹುಡುಗಿಗೆ ಹೇಳಲು ಒಂದನ್ನೂ ಇಟ್ಟುಕೊಂಡಿರಲಿಲ್ಲ. ಶ್ರುತಾ ಮೊಳೆಯಿಂದ ಸ್ಕೇಟು ತೆಗೆದುಕೊಂಡಳು. ಬೆರಳಿನಿಂದ ಅಲಗು ಸವರಿ ನೋಡಿ, ಚೀಲಕ್ಕೆ ಹಾಕಿಕೊಂಡು ಹೋದಳು.

ಮನೆಯಲ್ಲಿ ಹಾಲವ್ವ ಕೇಳಿದಳು, "ಮುಗೀತೇನು?"

"ಮುಗೀತು."

"ಸಮಾಧಾನ ಆತೇನು?"

"ಅವನ ಮುಖ ನೋಡಿದಾಗ ಆತು" ಎಂದಳು ನೀಲಗಂಗಾ. ಅದು ನಿಜವೇ ಆಗಿತ್ತು. ತಾಯಿಯ ಎದುರಿಗೆ ಕೂತು ಅವಳೂ ಒಂದು ಹಿಡಿ ಕಾಯಿ ಎತ್ತಿಕೊಂಡು ತೊಟ್ಟು ಮುರಿಯತೊಡಗಿದಳು.

ಶನಿವಾರ ಹನ್ನೊಂದಕ್ಕೆ ಮೊದಲ ತಂಡ ದೇಚಮ್ಮನ ಹೆಸರು ಕೂಗಿತು, ಎರಡನೆಯದು ಶ್ರುತಾಳದ್ದು. ಸೋಮವಾರ ಡಾ. ಕಾಂತಾವರ ರಾಜೀನಾಮೆ ಕೊಟ್ಟರು. ಅದೇ ದಿನ, ಗೊತ್ತಿದ್ದೂ ಕಿಂಡಿ ಮುಚ್ಚದ ಕಾರಣಕ್ಕೆ ನೀಲಗಂಗಾಳನ್ನು ಕೆಲಸದಿಂದ ತೆಗೆದರು. ಕಿಂಡಿ ಮುಚ್ಚುವುದು ಈಗ ಕೆಲಸದ ಪಟ್ಟಿಯಲ್ಲಿ ಮೊದಲನೆಯದು. ಅವಳು ಹೆಸರು ಬರೆದುಕೊಟ್ಟ ಮೂವತ್ತೊಂದು ಜನರನ್ನು ಸಮಿತಿ ಮತ್ತೆ ಕರೆಸಿತು. ಹತ್ತೊಂಬತ್ತು ಜನ ಬಂದರು, ಹದಿನೇಳು ಜನರ ಮೊಣಕಾಲಿನಲ್ಲಿ ದೋಷವಿರಲಿಲ್ಲ. ಆ ಹದಿನೇಳರಲ್ಲಿ ನೀಲಗಂಗಾಳೂ ಒಬ್ಬಳು. ಲೀಗಿಗೆ ಸೇರುವ ವಯಸ್ಸಿನ ಮಿತಿ ಇಪ್ಪತ್ತನಾಲ್ಕು.

ಶ್ರುತಾ ಮೊದಲ ಸೀಸನ್‌ನಲ್ಲಿ ಇಪ್ಪತ್ತೆರಡು ಗೋಲು ಹೊಡೆದಳು. ಸ್ಕೇಟು ಹರಿತ ಮಾಡಿಸಲು ಅವಳು ಮತ್ತೆ ಬ್ಯಾಡಗಿಗೆ ಬರಲಿಲ್ಲ.